ಚಿಪ್ ಕಾರ್ಖಾನೆಯ ಮಾತು ಜರ್ಮನ್‌ಗೆ ಹೋಗುವಾಗ

ಚಿಪ್ ತಯಾರಿಸುವ ಯಂತ್ರವೊಂದರ ಕೈಪಿಡಿಯನ್ನು ನಾನು ಮೊದಲ ಸಲ ಇಂಗ್ಲಿಷಿನಿಂದ ಜರ್ಮನ್‌ಗೆ ಅನುವಾದಿಸಿ ಕೊಟ್ಟಾಗ, ಪುಟಪುಟದಲ್ಲೂ ಕೆಂಪು ಗುರುತು ಹೊತ್ತು ವಾಪಸ್ ಬಂತು. ವ್ಯಾಕರಣ ಸರಿಯಾಗಿತ್ತು. ಎಡವಿದ್ದು 'ಟೂಲ್' ಎಂಬ ಒಂದು ಪದದಲ್ಲಿ. ಏಜೆನ್ಸಿ ಕೊಟ್ಟ ಪದಪಟ್ಟಿಯಲ್ಲಿ ಅದಕ್ಕೆ 'ವೆರ್ಕ್‌ಟ್ಸೊಯ್ಕ್' ಎಂದಿತ್ತು, ನಾನೂ ಹಾಗೇ ಹಾಕಿದ್ದೆ. ಜರ್ಮನ್ನರಿಗೆ ಆ ಪದ ಕೇಳಿದರೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಕಣ್ಣಿಗೆ ಬರುತ್ತದೆ. ಚಿಪ್ ಕಾರ್ಖಾನೆಯಲ್ಲಿ ಟೂಲ್ ಅಂದರೆ ಕೋಣೆಯಷ್ಟು ದೊಡ್ಡ ಯಂತ್ರವೂ ಆಗಬಹುದು. ಅಲ್ಲಿನವರು ಅದನ್ನು 'ಆನ್‌ಲಾಗ' ಅನ್ನುತ್ತಾರೆ. ಇದು ನಿಘಂಟು ನೋಡಿ ತಿಳಿಯುವ ಸಂಗತಿ ಅಲ್ಲ.

ಬೆಂಗಳೂರಿನಲ್ಲಿ ಈ ಕಷ್ಟ ಸ್ವಲ್ಪ ಜಾಸ್ತಿ. ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲೇ ಟ್ರಾನ್ಸಿಸ್ಟರ್ ಮಾಡುತ್ತಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ ಊರು ಚಿಪ್ ವಿನ್ಯಾಸಕ್ಕೆ ಹೆಸರಾಯಿತು. ಆದರೆ ವಿನ್ಯಾಸವೇ ಬೇರೆ, ತಯಾರಿಕೆಯೇ ಬೇರೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಚೆನ್ನಾಗಿ ಜರ್ಮನ್ ಕಲಿತವರೂ ದೊಡ್ಡ ಚಿಪ್ ಕಾರ್ಖಾನೆಯ ಒಳಗೆ ಕಾಲಿಟ್ಟಿರುವುದಿಲ್ಲ. ಅತ್ತ ಜರ್ಮನಿಯ ಡ್ರೆಸ್ಡೆನ್ ಸುತ್ತಮುತ್ತ ಕೆಲಸ ಬೆಳೆಯುತ್ತಲೇ ಇದೆ. ಬಾಷ್ ಅಲ್ಲಿ 2021ರಲ್ಲಿ 300 ಮಿಲಿಮೀಟರ್ ವೇಫರ್‌ಗಳ ಮೇಲೆ, ಅಂದರೆ ತೆಳುವಾದ ಸಿಲಿಕಾನ್ ಬಿಲ್ಲೆಗಳ ಮೇಲೆ, ಚಿಪ್ ಮಾಡುವ ಕಾರ್ಖಾನೆ ತೆರೆಯಿತು. 2024ರಲ್ಲಿ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಮತ್ತು ಅದರ ಪಾಲುದಾರರ ಹೊಸ ಕಾರ್ಖಾನೆಗೆ ಭೂಮಿಪೂಜೆ ನಡೆಯಿತು. ಅಲ್ಲಿಗೆ ಹೋಗುವ ಯಂತ್ರಗಳ ಜೊತೆ ಸುರಕ್ಷತೆಯ ಸೂಚನೆಗಳು ಜರ್ಮನ್‌ನಲ್ಲೂ ಇರಲೇಬೇಕು.

ಕನ್ನಡಿಗರಿಗೆ ಒಂದು ಅನುಕೂಲ ಇದೆ. ಪದಕ್ಕೆ ಪದ ಕೂಡಿಸುವುದು ನಮಗೆ ಹೊಸದಲ್ಲ. ಸೆಮಿಕಂಡಕ್ಟರ್‌ಗೆ ನಾವು 'ಅರೆವಾಹಕ' ಅನ್ನುತ್ತೇವೆ, ಜರ್ಮನ್ನರು 'ಹಾಲ್ಪ್‌ಲೈಟರ್' ಅನ್ನುತ್ತಾರೆ. 'ಹಾಲ್ಪ್' ಅಂದರೆ ಅರೆ, 'ಲೈಟರ್' ಅಂದರೆ ವಾಹಕ. ಎಷ್ಟು ಹತ್ತಿರ, ಅಲ್ವಾ? ಆದರೆ ಲಿಂಗ ತಪ್ಪಿದರೆ ಅದೇ 'ಲೈಟರ್' ಏಣಿ ಆಗಿಬಿಡುತ್ತದೆ.

ಯಾವುದನ್ನು ಜರ್ಮನ್ ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ಹೊಸಬರು ಕೇಳುತ್ತಾರೆ. ನನ್ನ ಅನುಭವದಲ್ಲಿ ಚಿಪ್ ಹುಟ್ಟುವ ಮೊದಲೇ ಇದ್ದ ಕಸುಬುಗಳಿಂದ ಬಂದ ಮಾತಿಗೆ ಜರ್ಮನ್ ಪದವೇ ಗಟ್ಟಿಯಾಗಿದೆ. ಆಮ್ಲದಿಂದ ಕೊರೆಯುವುದಕ್ಕೆ 'ಎಟ್ಸೆನ್'. ಅದು ಲೋಹದ ತಗಡಿನಲ್ಲಿ ಚಿತ್ರ ಕೊರೆಯುತ್ತಿದ್ದವರ ಪದ. ಬೆಳಕು ಬೀಳಿಸಿ ನಕ್ಷೆ ಮೂಡಿಸುವುದಕ್ಕೆ 'ಬೆಲಿಷ್ಟುಂಗ್', ಅದು ಫೋಟೊ ತೆಗೆಯುವವರ ಪದ. ವೇಫರ್, ಚಿಪ್, ಗೇಟ್ ಇವೆಲ್ಲ ಚಿಪ್ ಉದ್ಯಮದ ಜೊತೆಗೇ ಬಂದವು, ಹಾಗೇ ಉಳಿದವು. ವೇಫರಿನಿಂದ ಕತ್ತರಿಸಿದ ಒಂದೊಂದು ತುಂಡನ್ನು ಇಂಗ್ಲಿಷಿನಲ್ಲಿ 'ಡೈ' ಅನ್ನುತ್ತಾರೆ. ಜರ್ಮನ್‌ನಲ್ಲಿ ಸಾಲಿಗೊಂದು ಸಲ ಬರುವ 'ಡೀ' ಎಂಬ ಸಣ್ಣ ಪದಕ್ಕೂ ಅದೇ ಅಕ್ಷರಗಳು. ಓದುವವರು ಮುಗ್ಗರಿಸುತ್ತಾರೆ. ಸಾಧ್ಯವಿದ್ದ ಕಡೆ ನಾನು 'ಚಿಪ್' ಎಂದೇ ಬರೆಯುತ್ತೇನೆ.

ಒಟ್ಟಿಗೆ ಸಾಗುವ ವೇಫರ್‌ಗಳ ಗುಂಪು ಇಂಗ್ಲಿಷಿನಲ್ಲಿ 'ಲಾಟ್'. ಜರ್ಮನ್‌ನಲ್ಲಿ ಅದು 'ಲೋಸ್'. ಅದೇ ಕಾಗುಣಿತದ 'ಲೋಟ್' ಜರ್ಮನ್‌ನಲ್ಲೂ ಇದೆ, ಆದರೆ ಅದರ ಒಂದು ಅರ್ಥ ಬೆಸುಗೆ ಹಾಕುವ ಲೋಹ. ಚಿಪ್ ಅನ್ನು ತಳಕ್ಕೆ ಕೂರಿಸುವ ಅಧ್ಯಾಯದಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ.

ನನ್ನನ್ನು ಹೆಚ್ಚು ಹೆದರಿಸುವ ಜೋಡಿ ಮಾತ್ರ ಸಿಲಿಕಾನ್ ಮತ್ತು ಸಿಲಿಕೋನ್. ಮೊದಲನೆಯದು ವೇಫರಿನ ಮೂಲವಸ್ತು, ಜರ್ಮನ್‌ನಲ್ಲಿ 'ಝಿಲೀಟ್ಸಿಯುಮ್'. ಎರಡನೆಯದು ರಬ್ಬರ್, ಎಣ್ಣೆ, ಗ್ರೀಸ್‌ಗಳಲ್ಲಿ ಇರುವಂಥದ್ದು, ಜರ್ಮನ್‌ನಲ್ಲಿ 'ಝಿಲಿಕೋನ್'. ಕಿವಿಗೆ ಇಂಗ್ಲಿಷಿನ ಸಿಲಿಕಾನ್ ಈ 'ಝಿಲಿಕೋನ್'ಗೇ ಹತ್ತಿರ, ಅದಕ್ಕೇ ಕೈ ಜಾರುತ್ತದೆ. ಕ್ಲೀನ್‌ರೂಮ್‌ನಲ್ಲಿ, ಅಂದರೆ ಚಿಪ್ ತಯಾರಾಗುವ ದೂಳಿಲ್ಲದ ಕೋಣೆಯಲ್ಲಿ, ಸಿಲಿಕೋನ್ ಅಂದರೆ ತಲೆನೋವು. ಅದರ ಆವಿ ತೆಳುವಾಗಿ ಹರಡಿ ಮೇಲ್ಮೈಗೆ ಅಂಟಿಕೊಂಡರೆ, ಆಮೇಲೆ ಹಾಕುವ ಪದರ ಸರಿಯಾಗಿ ಹಿಡಿಯದೇ ಹೋಗಬಹುದು. ಹಾಗಾಗಿ ಕೈಗವಸಿನಿಂದ ಹಿಡಿದು ಸೀಲ್‌ವರೆಗೆ 'ಸಿಲಿಕೋನ್ ಇಲ್ಲದ್ದು ಬೇಕು' ಎಂದು ಬರೆದಿರುತ್ತಾರೆ. ಒಮ್ಮೆ ಹೀಗೇ ಒಂದು ಸಾಲು 'ಸಿಲಿಕಾನ್ ಇಲ್ಲದ್ದು' ಎಂದು ಅನುವಾದವಾಗಿ ನನ್ನ ಕೈಗೆ ತಿದ್ದಲು ಬಂತು. ವಾಕ್ಯ ಓದಲು ಚೆನ್ನಾಗಿತ್ತು. ಅದನ್ನು ನಂಬಿ ಸಾಮಾನು ತರಿಸಿದ್ದರೆ ಬೇಡದ ವಸ್ತುವೇ ಕ್ಲೀನ್‌ರೂಮ್‌ಗೆ ಬರುತ್ತಿತ್ತು. ಅದಾದ ಮೇಲೆ ಈ ಎರಡು ಪದ ಬಂದ ಕಡೆಯೆಲ್ಲ ನಿಂತು ನೋಡುತ್ತೇನೆ. ಸಾಫ್ಟ್‌ವೇರ್ ಒಟ್ಟಿಗೆ ಬದಲಾಯಿಸಲು ಬಿಡುವುದಿಲ್ಲ.

ಅಂಕಿಗಳಲ್ಲೂ ಮೈಮರೆಯುವಂತಿಲ್ಲ. ಇಂಗ್ಲಿಷಿನ ಬಿಲಿಯನ್, ಅಂದರೆ ನಮ್ಮ ನೂರು ಕೋಟಿ, ಜರ್ಮನ್‌ನಲ್ಲಿ 'ಮಿಲಿಯಾರ್ಡೆ'. ಜರ್ಮನ್ನರ 'ಬಿಲಿಯೋನ್' ಅದರ ಸಾವಿರ ಪಟ್ಟು. ನಾವು ಚುಕ್ಕಿ ಇಡುವ ದಶಮಾಂಶಕ್ಕೆ ಅವರು ಅಲ್ಪವಿರಾಮ ಇಡುತ್ತಾರೆ. ಇತ್ತೀಚಿನ ಚಿಪ್‌ಗಳಿಗೆ ಬಳಸುವ 'ಇಯುವಿ' ಎಂಬ ತೀವ್ರ ಅತಿನೇರಳೆ ಬೆಳಕಿನ ಅಲೆಯುದ್ದ ನಮಗೆ 13.5 ನ್ಯಾನೊಮೀಟರ್, ಅವರಿಗೆ 13,5. ಸಾವಿರದ ಲೆಕ್ಕದಲ್ಲಿ ಇದು ತಿರುಗಾಮುರುಗಾ. ಅವರು 1.250 ಎಂದು ಬರೆದರೆ ಅದು ಸಾವಿರದ ಇನ್ನೂರೈವತ್ತು. ಕುಲುಮೆಯ ಶಾಖ ಬರೆದ ಸಾಲಿನಲ್ಲಿ ಇದು ತಪ್ಪಿದರೆ ಏನಾಗುತ್ತದೆ, ಯೋಚಿಸಿ.

ಯಂತ್ರಾನುವಾದ ಈಗ ವಾಕ್ಯವನ್ನು ಚೆನ್ನಾಗಿಯೇ ಕಟ್ಟುತ್ತದೆ. ಆದರೆ ಒಂದೇ ಭಾಗಕ್ಕೆ ಹತ್ತನೇ ಪುಟದಲ್ಲಿ ಒಂದು ಹೆಸರು, ನಲವತ್ತನೇ ಪುಟದಲ್ಲಿ ಇನ್ನೊಂದು ಹೆಸರು ಕೊಡಬಲ್ಲದು. ರಾತ್ರಿ ಪಾಳಿಯಲ್ಲಿ ಕೈಪಿಡಿ ಹಿಡಿದು ಯಂತ್ರದ ಮುಂದೆ ನಿಂತವನಿಗೆ ಅವು ಎರಡು ಬೇರೆ ಭಾಗಗಳು. ಅವನು ಇಲ್ಲದ ಭಾಗವನ್ನು ಹುಡುಕುತ್ತಾ ನಿಲ್ಲುತ್ತಾನೆ.

ಕೆಲಸ ಕೊಡುವ ಕಂಪನಿಗಳಲ್ಲಿ ನಾನು ಕೇಳುವುದು ಇಷ್ಟೇ. ಬರೀ ಪಠ್ಯವನ್ನು ಕೋಷ್ಟಕಕ್ಕೆ ತುಂಬಿ ಕಳಿಸಬೇಡಿ. ಯಂತ್ರದ ಚಿತ್ರವನ್ನೂ ಜೊತೆಗಿಡಿ. ಡ್ರೆಸ್ಡೆನ್‌ನಲ್ಲಿ ಅದನ್ನು ನಡೆಸುವ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿಸಿ. ಕೆಲಸ ಶುರು ಮಾಡುವ ಮೊದಲು ನಾನು ಪ್ರಶ್ನೆಗಳ ಒಂದು ಪಟ್ಟಿ ಕಳಿಸುತ್ತೇನೆ. ಅದರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಯಂತ್ರವನ್ನು ನಿಮ್ಮ ಪಾಳಿಯವರು ಏನಂತ ಕರೆಯುತ್ತಾರೆ?