ಪಾಲು ಬಿಟ್ಟವಳ ಲೆಕ್ಕ

ದಾವಣಗೆರೆಯಲ್ಲಿ ಪತ್ರ ಬರೆಯುವವರ ಮೇಜಿನ ಬಳಿ ಅರ್ಧ ದಿನ ಕೂತರೆ, ತವರಿನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಹಕ್ಕು ಬಿಡುಗಡೆ ಪತ್ರವೊಂದು ಕಣ್ಣಿಗೆ ಬೀಳದೆ ಇರದು. ನಾನು ಕೂತ ದಿನ ಸೋದರನ ಜೊತೆ ಮೂವರು ಅಕ್ಕತಂಗಿಯರು ಬಂದಿದ್ದರು. ಅರವತ್ತು ದಾಟಿದ ದೊಡ್ಡಾಕೆ ಪತ್ರ ಓದಿಸಿಯೂ ಕೇಳದೆ 'ಎಲ್ಲಿ ಒತ್ಬೇಕು ಹೇಳಪ್ಪ' ಅಂದರು. ನಡುವಿನಾಕೆ ತಮ್ಮನ ಮುಖ ನೋಡಿದರು. ನಲವತ್ತರ ಆಸುಪಾಸಿನ ಕೊನೆಯವಳು ಪಹಣಿ ಎಳೆದುಕೊಂಡು, 'ಒಟ್ಟು ಎಷ್ಟೆಕ್ರೆ ಐತಣ್ಣ?' ಎಂದಳು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವಳೂ ಸಹಿ ಹಾಕಿದಳು.

ಜನ ತೀರ್ಮಾನ ಮಾಡುವ ಬಗೆಯನ್ನು ಸಂಶೋಧಕರಾದ ಸ್ಕಾಟ್ ಮತ್ತು ಬ್ರೂಸ್ 1995ರಲ್ಲಿ ಐದಾಗಿ ವಿಂಗಡಿಸಿದರು: ತರ್ಕ, ಒಳಮನಸ್ಸಿನ ಮಾತು, ಪರರ ಆಸರೆ, ಜಾರಿಕೊಳ್ಳುವುದು, ತಟ್ಟನೆ ನಿರ್ಧಾರ. 1998ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಮಾನ್ ತಂಡ ಆರು ಕಡೆಯ ವಿದ್ಯಾರ್ಥಿಗಳನ್ನು ಹೋಲಿಸಿತು. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರಿಗೆ ತಮ್ಮ ನಿರ್ಧಾರದ ಮೇಲೆ ಭರವಸೆ ಹೆಚ್ಚು. ಜಪಾನ್, ಹಾಂಗ್‌ಕಾಂಗ್, ತೈವಾನ್‌ನವರು ನಿರ್ಧಾರವನ್ನು ಮುಂದೂಡುವುದು, ಬೇರೆಯವರಿಗೆ ದಾಟಿಸುವುದು ಹೆಚ್ಚು. ಈ ಅಳತೆಗೋಲಿನಲ್ಲಿ ನಮ್ಮ ದೊಡ್ಡಕ್ಕನಿಗೆ 'ಪರರ ಆಸರೆ' ಎಂಬ ಚೀಟಿ ಅಂಟುತ್ತದೆ. ನನಗದು ಒಪ್ಪಿಗೆಯಿಲ್ಲ.

ಆಕೆ ಹುಟ್ಟಿದ ಕಾಲದಲ್ಲಿ ಈ ಸಹಿಯನ್ನು ಕೇಳುವವರೇ ಕಡಿಮೆ. ಅದಕ್ಕೂ ಮೊದಲು ಮೈಸೂರು ಸಂಸ್ಥಾನದ 1933ರ ಕಾಯ್ದೆ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದಿಷ್ಟು ಹಕ್ಕು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಗಂಡುಮಕ್ಕಳದೇ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತಾದರೂ ಅಷ್ಟರಲ್ಲಿ ಮದುವೆಯಾದವರನ್ನು ಹೊರಗಿಟ್ಟಿತು. ಆ ಗೋಡೆ ಬಿದ್ದದ್ದು 2005ರಲ್ಲಿ, ಕೇಂದ್ರದ ತಿದ್ದುಪಡಿಯಿಂದ. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ತೀರ್ಮಾನಿಸುವ ಹಕ್ಕೇ ಇಲ್ಲದವಳಿಗೆ ತೀರ್ಮಾನದ ಶೈಲಿ ಎಲ್ಲಿಂದ ಬಂದೀತು?

ಹಕ್ಕು ಬಂದ ಮೇಲೂ ಬಿಟ್ಟುಕೊಟ್ಟರಲ್ಲ ಎನ್ನಬಹುದು. ಆದರೆ ಅದರ ಹಿಂದೊಂದು ಗಟ್ಟಿ ಲೆಕ್ಕವಿದೆ. ಪಂಚಮಿಗೆ ಕರೆ ಬರಬೇಕು. ಮಗಳ ಮದುವೆಗೆ ಸೋದರಮಾವ ಮುಂದೆ ನಿಲ್ಲಬೇಕು. ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ನಾಲ್ಕು ದಿನ ಇರಲು ತವರಿನ ಬಾಗಿಲು ತೆರೆದಿರಬೇಕು. ಮಳೆ ನಂಬಿದ ಎರಡೆಕರೆ ಮೆಕ್ಕೆಜೋಳದ ಹೊಲಕ್ಕಿಂತ ಅದು ದೊಡ್ಡ ವಿಮೆ. ಭದ್ರಾ ನಾಲೆಯ ಗದ್ದೆಯೋ, ಊರಂಚಿನ ಸೈಟಾಗುವ ಜಮೀನೋ ಆದರೆ ಲೆಕ್ಕ ಬೇರೆಯಾಗುತ್ತದೆ. ಕೈಯಲ್ಲಿ ಸ್ವಂತ ಸಂಬಳ ಇರುವವಳಿಗಂತೂ ಇನ್ನೂ ಬೇರೆ. ಅಕ್ಕ ಕೇಳದೆ ಒತ್ತಿದ್ದಕ್ಕೂ ತಂಗಿ ಪ್ರಶ್ನಿಸಿದ್ದಕ್ಕೂ ವಯಸ್ಸೇ ಕಾರಣ ಎನ್ನುವುದರಲ್ಲಿ ಅರ್ಧ ಇದೇ ಇದೆ.

ಹೆಣ್ಣಿನ ಸ್ವಭಾವವೇ ಹಾಗೆ ಎನ್ನುವವರಿಗೆ 2009ರ ಒಂದು ಪ್ರಯೋಗ ಉತ್ತರ ಕೊಟ್ಟಿದೆ. ಗಂಡಿನ ಯಜಮಾನಿಕೆಯ, ಆಫ್ರಿಕಾದ ಮಸಾಯಿ ಬುಡಕಟ್ಟಿನಲ್ಲಿ ಪೈಪೋಟಿಗಿಳಿಯಲು ಮುಂದಾದವರು ಹೆಚ್ಚಾಗಿ ಗಂಡಸರು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಮೇಘಾಲಯದ ಖಾಸಿಗಳಲ್ಲಿ ಹೆಂಗಸರು.

ಅಂದು ಹೊರಡುವ ಮೊದಲು ಕೊನೆಯವಳು ಪತ್ರದ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡಳು. ಯಾಕೆಂದು ಅಣ್ಣ ಕೇಳಲಿಲ್ಲ. ದೊಡ್ಡಕ್ಕ ಮಾತ್ರ, 'ನನಗೂ ಒಂದು ಕಳ್ಸೇ' ಅಂದರು.