ದಹೋಮಿಯ ಹೆಣ್ಣುಪಡೆ: ತೆರೆಯ ಮೇಲೆ ಬಂದದ್ದು, ಬಾರದೆ ಉಳಿದದ್ದು

2022ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ ‘ದಿ ವುಮನ್ ಕಿಂಗ್’ ಚಿತ್ರದ ಸುತ್ತ ಎದ್ದ ವಿವಾದದಲ್ಲಿ ನಟನೆ, ನಿರ್ದೇಶನಗಳ ಮಾತು ಕಡಿಮೆ ಇತ್ತು, ಚರಿತ್ರೆಯ ಮಾತು ಹೆಚ್ಚಿತ್ತು. ಜೀನಾ ಪ್ರಿನ್ಸ್-ಬೈತ್‌ವುಡ್ ನಿರ್ದೇಶಿಸಿ, ವಯೋಲಾ ಡೇವಿಸ್ ದಂಡನಾಯಕಿ ನಾನಿಸ್ಕಾಳಾಗಿ ನಟಿಸಿದ ಈ ಚಿತ್ರ ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ಮಹಿಳಾ ಯೋಧರ ಕಥೆ. ಕಪ್ಪುವರ್ಣದ ಹೆಂಗಸರೇ ಕತ್ತಿ ಹಿಡಿದು ಮುನ್ನಡೆಸುವ ಯುದ್ಧಚಿತ್ರಕ್ಕೆ ಹಾಲಿವುಡ್ ದುಡ್ಡು ಹಾಕಿದ್ದೇ ಅಪರೂಪ. ಆದರೆ ಅದನ್ನು ಬಹಿಷ್ಕರಿಸಬೇಕೆಂಬ ಕೂಗು ಎದ್ದಾಗ, ಅದಕ್ಕೆ ದನಿಗೂಡಿಸಿದವರಲ್ಲಿ ಅಮೆರಿಕದ ಗುಲಾಮರ ವಂಶಸ್ಥರೂ ಇದ್ದರು. ತಮ್ಮ ಪೂರ್ವಿಕರನ್ನು ಹಿಡಿದು ಮಾರಿದ ರಾಜ್ಯವನ್ನೇ ವಿಮೋಚಕನಂತೆ ತೋರಿಸಲಾಗಿದೆ ಎಂಬುದು ಅವರ ತಕರಾರು.

ದಹೋಮಿ ಇದ್ದದ್ದು ಇಂದಿನ ಬೆನಿನ್ ದೇಶದ ದಕ್ಷಿಣ ಭಾಗದಲ್ಲಿ, ರಾಜಧಾನಿ ಅಬೊಮೆ. 1720ರ ದಶಕದಲ್ಲಿ ದೊರೆ ಅಗಾಜ ಮೊದಲು ನೆರೆಯ ಅಲ್ಲಾಡ ರಾಜ್ಯವನ್ನೂ ಬಳಿಕ ಕರಾವಳಿಯ ಉಯಿದಾವನ್ನೂ ಗೆದ್ದುಕೊಂಡ ಮೇಲೆ, ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಐರೋಪ್ಯ ಹಡಗುಗಳಿಗೆ ಮಾರುವುದು, ಬದಲಿಗೆ ಬಂದ ಬಂದೂಕು ಮತ್ತು ಮದ್ದಿನೊಂದಿಗೆ ಮತ್ತೆ ದಂಡೆತ್ತಿ ಹೋಗುವುದು ಆ ರಾಜ್ಯದ ಕ್ರಮವಾಯಿತು. ಅಲ್ಲಿಯ ಚಲಾವಣೆಯ ನಾಣ್ಯ ಕವಡೆ. ಅದರ ಬಹುಪಾಲು ನಮ್ಮ ಪಕ್ಕದ ಮಾಲ್ಡೀವ್ಸ್ ಕಡಲಿನಿಂದ ಹಡಗು ಹತ್ತಿ ಹೋದದ್ದು. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಹಗುರವಾಗಿ ಆಡುವ ಅದೇ ಕವಡೆಯನ್ನು ಎಣಿಸಿ ಅಲ್ಲಿ ಮನುಷ್ಯರನ್ನು ಕೊಳ್ಳಲಾಗುತ್ತಿತ್ತು.

ಈ ರಾಜ್ಯದ ಹೆಣ್ಣುಪಡೆ ಹುಟ್ಟಿದ ಬಗೆಯ ಕುರಿತು ಒಮ್ಮತವಿಲ್ಲ. ಆನೆ ಬೇಟೆಯಾಡುತ್ತಿದ್ದ ಹೆಂಗಸರಿಂದ ಅದು ಬೆಳೆಯಿತು ಎನ್ನುವವರಿದ್ದಾರೆ. ಅರಮನೆಯ ಕಾವಲು ಪಡೆಯೇ ಮೂಲ ಎನ್ನುವವರೂ ಇದ್ದಾರೆ. ಅಗಾಜನಿಗಿಂತ ಮುಂಚೆ ಕೆಲಕಾಲ ಆಳಿದ ತಾಸಿ ಹಂಗ್ಬೆ ಎಂಬ ರಾಣಿ ಅದನ್ನು ಕಟ್ಟಿದಳೆಂದು ಮೌಖಿಕ ಪರಂಪರೆ ಹೇಳುತ್ತದೆ, ಆದರೆ ಅರಸರ ಅಧಿಕೃತ ಪಟ್ಟಿಯಲ್ಲಿ ಆಕೆಯ ಹೆಸರೇ ಇಲ್ಲ. 1818ರಿಂದ 1858ರವರೆಗೆ ಆಳಿದ ಗೆಜೊನ ಕಾಲಕ್ಕೆ ಈ ಪಡೆ ಸಾವಿರಾರು ಮಂದಿಯ ಸೇನೆಯಾಗಿ ಬೆಳೆದಿತ್ತು. ಅವರು ‘ಅಗೋಜಿ’ಯರು, ಅಲ್ಲಿನ ಜನರ ನುಡಿಯಾದ ಫೋನ್ (Fon) ಭಾಷೆಯಲ್ಲಿ ‘ಮಿನೊ’, ಅಂದರೆ ನಮ್ಮ ತಾಯಂದಿರು, ಎಂದೂ ಅವರನ್ನು ಕರೆಯುತ್ತಿದ್ದರು. ‘ಅಮೆಜಾನ್’ ಎಂಬುದು ಗ್ರೀಕ್ ಪುರಾಣ ಓದಿಕೊಂಡಿದ್ದ ಐರೋಪ್ಯರು ಅಂಟಿಸಿದ ಹೆಸರು.

ಹೆಸರು ಅಂಟಿಸಿದವರೇ ಚಿತ್ರವನ್ನೂ ಬರೆದರು. 1849–50ರಲ್ಲಿ ಬಂದ ಬ್ರಿಟಿಷ್ ನೌಕಾಧಿಕಾರಿ ಫ್ರೆಡರಿಕ್ ಫೋರ್ಬ್ಸ್, 1863ರಲ್ಲಿ ಬಂದ ರಿಚರ್ಡ್ ಬರ್ಟನ್ ಮೊದಲಾದವರ ಬರಹಗಳಲ್ಲಿ ಈ ಹೆಂಗಸರು ಬೆರಗು ಮತ್ತು ಹೇಸಿಗೆ ಎರಡಕ್ಕೂ ವಸ್ತುವಾದರು. ಫ್ರಾನ್ಸ್ ದಹೋಮಿಯ ಮೇಲೆ ಯುದ್ಧ ಹೂಡಿದ 1890ರ ದಶಕದಲ್ಲೇ ‘ದಹೋಮಿ ಅಮೆಜಾನ್’ ಎಂಬ ಹೆಸರಿನ ತಂಡಗಳನ್ನು ಯೂರೋಪಿನ ನಗರಗಳಲ್ಲಿ ಟಿಕೆಟ್ ಇಟ್ಟು ಪ್ರದರ್ಶಿಸಲಾಯಿತು; 1893ರ ಷಿಕಾಗೊ ಜಾಗತಿಕ ಮೇಳದಲ್ಲಿ ಒಂದು ದಹೋಮಿ ಹಳ್ಳಿಯನ್ನೇ ನಿಲ್ಲಿಸಿದ್ದರು. ಸಿನಿಮಾ ಈ ನೋಟವನ್ನೇ ಬಳುವಳಿಯಾಗಿ ಪಡೆಯಿತು. 1987ರ ‘ಕೋಬ್ರಾ ವೆರ್ದೆ’ಯಲ್ಲಿ ವರ್ನರ್ ಹೆರ್ಟ್ಸಾಗ್ ಹೆಣ್ಣುಪಡೆಯ ಭಾರಿ ದೃಶ್ಯಗಳನ್ನು ತೋರಿಸಿದರೂ, ಕಥೆ ಬ್ರೆಜಿಲ್‌ನ ಗುಲಾಮ ವ್ಯಾಪಾರಿಯೊಬ್ಬನದು, ಹೆಂಗಸರು ಅವನ ಹಿಂದಿನ ಜಂಗುಳಿ. 2018ರ ‘ಬ್ಲ್ಯಾಕ್ ಪ್ಯಾಂಥರ್’ನ ಅಂಗರಕ್ಷಕಿಯರಿಗೆ ಅಗೋಜಿಯರೂ ಸ್ಫೂರ್ತಿ. ಆದರೆ ವಕಾಂಡ ಕಲ್ಪಿತ ದೇಶ. ಅಲ್ಲಿಂದ ಯಾರನ್ನೂ ಹಿಡಿದು ಮಾರಿಲ್ಲವಾದ್ದರಿಂದ ಮುಜುಗರದ ಲೆಕ್ಕ ಒಪ್ಪಿಸಬೇಕಾದ ಪ್ರಸಂಗವೇ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ‘ದಿ ವುಮನ್ ಕಿಂಗ್’ ಅಗೋಜಿಯರಿಗೆ ಮುಖ, ಮಾತು, ಗೆಳೆತನ, ಗಾಯ ಎಲ್ಲವನ್ನೂ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ದಹೋಮಿ ಗುಲಾಮರನ್ನು ಮಾರುತ್ತಿತ್ತು ಎಂಬುದನ್ನೂ ಚಿತ್ರ ಮುಚ್ಚಿಡುವುದಿಲ್ಲ. ಅದು ಎಡವುವುದು ಕಾಲದ ಆಯ್ಕೆಯಲ್ಲಿ. ಕಥೆ ನಡೆಯುವುದು 1823ರಲ್ಲಿ. ಗುಲಾಮರನ್ನು ಮಾರುವ ಬದಲು ತಾಳೆ ಎಣ್ಣೆ ಮಾರೋಣ ಎಂದು ನಾನಿಸ್ಕಾ ಗೆಜೊನ ಮನವೊಲಿಸಲು ಹೆಣಗುತ್ತಾಳೆ. ವಾಸ್ತವದಲ್ಲಿ ಆ ವರ್ಷ ಗೆಜೊ ಮುರಿದದ್ದು ನೆರೆಯ ಒಯೊ ಸಾಮ್ರಾಜ್ಯಕ್ಕೆ ದಶಕಗಳಿಂದ ಸಲ್ಲಿಸುತ್ತಿದ್ದ ಕಪ್ಪವನ್ನು, ಗುಲಾಮ ವ್ಯಾಪಾರವನ್ನಲ್ಲ. ಅವನನ್ನು ಗದ್ದುಗೆಗೆ ಏರಿಸಲು ನೆರವಾದವನೇ ಫ್ರಾನ್ಸಿಸ್ಕೊ ಫೆಲಿಕ್ಸ್ ದ ಸೋಜ ಎಂಬ ಬ್ರೆಜಿಲ್‌ನ ಗುಲಾಮ ವ್ಯಾಪಾರಿ. ವ್ಯಾಪಾರ ನಿಲ್ಲಿಸುವ ಒಪ್ಪಂದಕ್ಕೆ ಗೆಜೊ ಸಹಿ ಹಾಕಿದ್ದು 1852ರಲ್ಲಿ, ಬ್ರಿಟಿಷ್ ನೌಕಾಪಡೆ ಕರಾವಳಿಗೆ ದಿಗ್ಬಂಧನ ಹಾಕಿದ ಮೇಲೆ. ಅದೂ ಬಹುಕಾಲ ಬಾಳಲಿಲ್ಲ. ಇನ್ನು ತಾಳೆ ತೋಟಗಳಲ್ಲಿ ದುಡಿದವರೂ ಬಹಳ ಮಟ್ಟಿಗೆ ಗುಲಾಮರೇ.

ಅಗೋಜಿಯರ ಕೆಚ್ಚನ್ನಷ್ಟೇ ಹೇಳಬೇಕೆಂದಿದ್ದರೆ 1892ರ ಕದನಗಳನ್ನು ಆರಿಸಿಕೊಳ್ಳಬಹುದಿತ್ತು. ಫ್ರೆಂಚರ ಹೊಸ ಬಂದೂಕುಗಳ ಎದುರು ಆ ಪಡೆ ನುಗ್ಗಿ ನುಗ್ಗಿ ಸತ್ತಿತು. ದೊರೆ ಬೆಹಾಂಜಿನ್ ಕೊನೆಗೆ ಮಾರ್ಟಿನಿಕ್‌ಗೆ ಗಡೀಪಾರಾದ. ಆದರೆ ಗೆಲುವಿನ ಕಥೆಯೇ ಬೇಕಾಗಿದ್ದರಿಂದ 1823ಕ್ಕೆ ಹೋದರು, ಮತ್ತು 1823ರಲ್ಲಿ ಇಲ್ಲದ ಆತ್ಮಸಾಕ್ಷಿಯೊಂದನ್ನು ತಂದು ಕೂರಿಸಬೇಕಾಯಿತು ಎಂದೇ ನನಗೆ ತೋರುತ್ತದೆ.

ಇದಕ್ಕೆ ಪ್ರತಿಸಾಕ್ಷಿ ನುಡಿದವನೊಬ್ಬನಿದ್ದಾನೆ. 1860ರಲ್ಲಿ ದಹೋಮಿ ಸೇನೆ ನಸುಕಿನಲ್ಲಿ ಮುತ್ತಿದ ಊರೊಂದರ ಯುವಕ ಕೊಸ್ಸೊಲ, ಉಯಿದಾದಿಂದ ‘ಕ್ಲೊಟಿಲ್ಡಾ’ ಹಡಗಿನಲ್ಲಿ ಅಮೆರಿಕದ ಅಲಬಾಮಾ ತಲುಪಿ ಕಡ್ಜೊ ಲೂಯಿಸ್ ಆದ. ದಾಳಿಯಿಟ್ಟ ಸೇನೆಯಲ್ಲಿ ಹೆಂಗಸರೂ ಇದ್ದುದನ್ನು, ಅವರು ಊರವರ ತಲೆ ಕಡಿದುದನ್ನು ಆತ 1920ರ ದಶಕದ ಕೊನೆಯಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್‌ಗೆ ಹೇಳಿದ. ಆಕೆ ಬರೆದಿಟ್ಟ ಆ ಮಾತುಗಳಿಗೆ ಆಗ ಪ್ರಕಾಶಕರು ಸಿಗಲಿಲ್ಲ. ಅವು ಪುಸ್ತಕವಾಗಿ ಬಂದದ್ದು 2018ರಲ್ಲಿ, ವಕಾಂಡದ ಅಂಗರಕ್ಷಕಿಯರಿಗೆ ಜಗತ್ತಿನ ಚಿತ್ರಮಂದಿರಗಳು ಚಪ್ಪಾಳೆ ತಟ್ಟುತ್ತಿದ್ದ ಅದೇ ವರ್ಷ.