ನಕ್ಷೆಯೂ ಕಂಟ್ರಾಕ್ಟರನದೇ ಆದಾಗ

ಮೈಸೂರಿನಲ್ಲಿ ಒಳಚರಂಡಿ ಪೈಪಿಗೆ ನೆಲ ಅಗೆದವರಿಗೆ ಗೊತ್ತು, ಒಂದು ಬೀದಿಯಲ್ಲಿ ಬರೀ ಕೆಮ್ಮಣ್ಣು, ಪಕ್ಕದ ಬೀದಿಯಲ್ಲಿ ಗಟ್ಟಿ ಬಂಡೆ. ಒಂದೊಂದು ಕೆಲಸಕ್ಕೂ ಬೇರೆ ದರ ಇರುವ ಐಟಂ ರೇಟ್ ಗುತ್ತಿಗೆಯಲ್ಲಿ ಮಣ್ಣಿಗೊಂದು ದರ, ಮೆದು ಬಂಡೆಗೊಂದು, ಗಟ್ಟಿ ಬಂಡೆಗೊಂದು. ಸಿಕ್ಕಿದ್ದನ್ನು ಜೆಇ (ಕಿರಿಯ ಎಂಜಿನಿಯರ್) ಅಳೆದು ಎಂ.ಬಿ.ಗೆ, ಅಂದರೆ ಅಳತೆ ಪುಸ್ತಕಕ್ಕೆ, ಏರಿಸುತ್ತಾರೆ, ಅದರಂತೆ ಬಿಲ್. ಬಂಡೆ ಹೆಚ್ಚಾದರೆ ಹೊರೆ ಪಾಲಿಕೆಗೆ. ವಿನ್ಯಾಸವನ್ನೂ ನಿರ್ಮಾಣವನ್ನೂ ಒಬ್ಬರಿಗೇ ಒಪ್ಪಂದದ ಮೊತ್ತಕ್ಕೆ ವಹಿಸಿದಾಗ ಮೊದಲು ಕೈ ಬದಲಾಗುವುದು ಈ ಹೊರೆಯೇ.

ಸಂಸ್ಥಾನದ ಕಾಲದಲ್ಲಿ ನಕ್ಷೆ ಇಲಾಖೆಯ ಸೊತ್ತು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ವಿನ್ಯಾಸವಾಗಲಿ, ಇಟ್ಟಿಗೆ ಪುಡಿ, ಸುಣ್ಣದ ಸುರ್ಕಿ ಗಾರೆಯ ನಿರ್ಧಾರವಾಗಲಿ ಸರ್ಕಾರಿ ಎಂಜಿನಿಯರುಗಳದೇ. ಕಂಟ್ರಾಕ್ಟರು ನಕ್ಷೆಯಲ್ಲಿ ತೋರಿಸಿದ್ದನ್ನು ಕಟ್ಟುವವನು. ಆದರೆ ನಕ್ಷೆಯಲ್ಲಿ ಏನಾದರೂ ಬಿಟ್ಟುಹೋದರೆ ‘ಎಕ್ಸ್‌ಟ್ರಾ ಐಟಂ’ ಮಂಜೂರಾತಿಗೆ ಕಡತ ತಿರುಗುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಇದು ಇಂದಿಗೂ ಬದಲಾಗಿಲ್ಲ.

ಪಂಪ್‌ಹೌಸು, ಶುದ್ಧೀಕರಣ ಘಟಕಗಳಲ್ಲಿ ಈ ಪದ್ಧತಿಯ ಇತಿಮಿತಿ ಎದ್ದು ಕಂಡಿತು. ಒಬ್ಬೊಬ್ಬ ತಯಾರಕನದು ಒಂದೊಂದು ತಂತ್ರಜ್ಞಾನವಾದ್ದರಿಂದ ಟ್ಯಾಂಕಿನ ಅಳತೆಯನ್ನು ಇಲಾಖೆ ಮೊದಲೇ ಬರೆದಿಡಲಾಗದು. ಹಾಗಾಗಿ ಇಂಥ ಕೆಲಸಗಳಿಗೆ ವಿನ್ಯಾಸದಿಂದ ಚಾಲನೆಯವರೆಗೆ ಎಲ್ಲವನ್ನೂ ಒಬ್ಬರಿಗೇ ವಹಿಸುವ ಟರ್ನ್‌ಕೀ ಒಗ್ಗಿತು. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಡಿಕ್ 1995ರಲ್ಲಿ ಇದಕ್ಕೆಂದೇ ಒಪ್ಪಂದದ ಮಾದರಿ ತಂದು, 1999ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಅಮೆರಿಕದ 1996ರ ಕಾಯ್ದೆ ಎರಡು ಹಂತದ ಆಯ್ಕೆಗೆ ದಾರಿ ಮಾಡಿತು: ಮೊದಲು ಅರ್ಹತೆ ನೋಡಿ ಸಾಮಾನ್ಯವಾಗಿ ಐವರವರೆಗೆ ಆಯ್ಕೆ, ಆಮೇಲೆ ಅವರಿಂದ ಮಾತ್ರ ವಿನ್ಯಾಸ ಮತ್ತು ದರ.

ನಮ್ಮಲ್ಲಿ ಎಡವುವುದು ಇಲ್ಲೇ. ತಾಂತ್ರಿಕ ವಿವರಕ್ಕೊಂದು, ದರಕ್ಕೊಂದು ಎಂದು ಎರಡು ಲಕೋಟೆ ಕೇಳಿದರೂ ತಾಂತ್ರಿಕ ಲಕೋಟೆ ಪಾಸು-ನಪಾಸಿಗಷ್ಟೇ ಸೀಮಿತವಾದರೆ ಕೊನೆಗೆ ಗೆಲ್ಲುವುದು ಎಲ್-1, ಅಂದರೆ ಅತಿ ಕಡಿಮೆ ದರ ಹಾಕಿದವನು. ನಕ್ಷೆಯೂ ಅವನದೇ ಆದ್ದರಿಂದ ಕಬ್ಬಿಣ, ಸ್ಲ್ಯಾಬಿನ ದಪ್ಪ ಎಲ್ಲ ನಿರ್ಮಾಣ ಕೋಡ್ (ಮಾನದಂಡ) ಅನುಮತಿಸುವ ಕನಿಷ್ಠಕ್ಕೆ ಇಳಿಯುತ್ತದೆ. ಅದು ಮೋಸವಲ್ಲ, ಟೆಂಡರಿನಲ್ಲಿ ಕೇಳಿದ್ದೇ ಅಷ್ಟು!

ಬೆಂಗಳೂರು–ಮೈಸೂರು ಹೆದ್ದಾರಿಯ ಹೈಬ್ರಿಡ್ ಆ್ಯನ್ಯುಯಿಟಿ ಮಾದರಿಯಲ್ಲೂ ವಿನ್ಯಾಸ ಕಟ್ಟುವವರ ಹೊಣೆ. ಸರ್ಕಾರ ಯೋಜನಾ ವೆಚ್ಚದ ಶೇ 40 ಕೊಡುವುದು ನಿರ್ಮಾಣದ ಹೊತ್ತಿಗೆ, ಉಳಿದದ್ದು ಮುಂದಿನ ವರ್ಷಗಳಲ್ಲಿ ಕಂತಾಗಿ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಈ ರಸ್ತೆ ನೀರಿನಲ್ಲಿ ಮುಳುಗಿದಾಗ ಮೋರಿಗಳ ಮೇಲೆ ಎಲ್ಲರ ಕಣ್ಣು ಬಿತ್ತು. ‘ಸಾಕಷ್ಟು ಚರಂಡಿ’ ಎಂದು ಟೆಂಡರಿನಲ್ಲಿ ಬರೆದರೆ ಏನೂ ಬರೆದಂತಲ್ಲ. ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಎತ್ತ, ಇಷ್ಟನ್ನಾದರೂ ನಮೂದಿಸಬೇಕು. ಮಂಡ್ಯದ ನಾಲಾ ಬಯಲಿನಲ್ಲಾದರೆ ಗದ್ದೆಗೆ ನೀರು ಬಿಟ್ಟಾಗಿನ ಅಂತರ್ಜಲ ಮಟ್ಟವೂ ಬೇಕು. ಬೇಸಿಗೆಯಲ್ಲಿ ತೆಗೆದ ಪರೀಕ್ಷಾ ಗುಂಡಿ ಅದನ್ನು ತೋರಿಸದು.

ಆದ್ದರಿಂದ ಟೆಂಡರಿಗೆ ಮುಂಚಿನ ಕೆಲಸ ವಿನ್ಯಾಸ, ನಿರ್ಮಾಣ ಎರಡನ್ನೂ ಒಬ್ಬರಿಗೇ ವಹಿಸುವ ಪದ್ಧತಿಯಲ್ಲಿ ಕಡಿಮೆಯಾಗದು, ಹೆಚ್ಚುತ್ತದೆ. ಪೈಪ್ ಸಾಲಿನುದ್ದಕ್ಕೂ ಪರೀಕ್ಷಾ ಗುಂಡಿ ತೆಗೆದು, ಬಂಡೆ ಎಷ್ಟು ಆಳದಲ್ಲಿದೆ ಎಂಬುದನ್ನು ಟೆಂಡರಿಗೆ ಲಗತ್ತಿಸಿದರೆ ದರ ಇಳಿಯುತ್ತದೆ, ಇಲ್ಲದಿದ್ದರೆ ಅಂಜಿಕೆಯ ಬೆಲೆಯನ್ನೂ ಸೇರಿಸಿಯೇ ದರ ಹಾಕುತ್ತಾರೆ. ನಕ್ಷೆಯ ಪರಿಶೀಲನೆ ಸ್ವತಂತ್ರ ಎಂಜಿನಿಯರಿಂದ ಆಗಬೇಕು, ಅವರ ಶುಲ್ಕ ಪಾಲಿಕೆಯೇ ಕೊಡಬೇಕು. ಹಣ ಹಂತದ ಮೇಲೆ: ಅಡಿಪಾಯ, ಸೂಪರ್‌ಸ್ಟ್ರಕ್ಚರ್, ಯಂತ್ರ ಜೋಡಣೆ. ಕೊಳಚೆ ಶುದ್ಧೀಕರಣ ಘಟಕವಾದರೆ ಕೊನೆಯ ಕಂತು ಸಿಮೆಂಟಿಗಲ್ಲ, ನೀರಿಗೆ. ಒಪ್ಪಂದದಲ್ಲಿ ಬಿಒಡಿ (ನೀರಿನಲ್ಲಿ ಉಳಿದ ಸಾವಯವ ಕೊಳೆಯ ಅಳತೆ) ಲೀಟರಿಗೆ 10 ಮಿಲಿಗ್ರಾಂ ಎಂದಿದ್ದರೆ, ಮಳೆಗಾಲವೂ ಬೇಸಿಗೆಯೂ ಕಳೆದು ಲ್ಯಾಬ್ ವರದಿ ಅದನ್ನು ಹೇಳುವವರೆಗೆ ಆ ಕಂತು ಖಜಾನೆಯಲ್ಲೇ ಇರಬೇಕು.